ಬಡಗಿ ಹ್ಯಾರಿಸನ್ನನೂ ಎರಡು ಲೋಹದ ಪಟ್ಟಿಯೂ

ಶಾಲೆಗೆ ಹೊರಡುವ ಮಕ್ಕಳ ಬಟ್ಟೆಗೆ ಇಸ್ತ್ರಿ ಹಾಕುವಾಗ ಇಸ್ತ್ರಿಪೆಟ್ಟಿಗೆಯ ಪುಟ್ಟ ದೀಪವು ಸ್ವಲ್ಪ ಹೊತ್ತು ಉರಿದು ತಾನಾಗಿಯೇ ಆರುವುದನ್ನೂ, ಕೆಲವು ನಿಮಿಷಗಳ ಬಳಿಕ ಯಾರೂ ಮುಟ್ಟದೆಯೇ ಮತ್ತೆ ಉರಿಯುವುದನ್ನೂ ಓದುಗರು ಕಂಡೇ ಇರುತ್ತಾರೆ. ಕೆಂಡ ತುಂಬುವ ಪೆಟ್ಟಿಗೆಯ ಕಾಲದಲ್ಲಿ ಬಿಸಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ನೋಡಿಕೊಳ್ಳಬೇಕಾದವರು ಇಸ್ತ್ರಿ ಹಾಕುವವರೇ. ನೀರಿನ ಹನಿ ಚಿಮುಕಿಸಿ, ಚುಂಯ್ ಎನ್ನುವ ಸದ್ದು ಕೇಳಿ ಅವರು ಅಂದಾಜು ಮಾಡುತ್ತಿದ್ದರು. ಅಂದಾಜು ತಪ್ಪಿದರೆ ಅಂಗಿಯ ಬೆನ್ನಿನಲ್ಲಿ ಕಂದು ಕಲೆ ಮೂಡುತ್ತಿತ್ತು. ಇಂದು ಆ ಕಾವಲಿನ ಕೆಲಸವನ್ನು ಪೆಟ್ಟಿಗೆಯೊಳಗಿರುವ ಬೆರಳುದ್ದದ ಲೋಹದ ಪಟ್ಟಿಯೊಂದು ಮಾಡುತ್ತಿದೆ. ಬಿಸಿಯನ್ನು ಹೀಗೆ ಒಂದೇ ಮಟ್ಟದಲ್ಲಿ ಕಾಯ್ದುಕೊಳ್ಳುವ ಸಾಧನಕ್ಕೆ ಥರ್ಮೋಸ್ಟಾಟ್ ಎಂದು ಹೆಸರು. ಆದರೆ ಆ ಪಟ್ಟಿಯನ್ನು ಮೊದಲು ರೂಪಿಸಿದವನು ವಿದ್ಯುತ್ತಿನ ಬಳಕೆಯನ್ನು ಕಂಡವನೇ ಅಲ್ಲ. ಆತ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಹಳ್ಳಿಯೊಂದರ ಬಡಗಿ. ಹೆಸರು ಜಾನ್ ಹ್ಯಾರಿಸನ್. ಆತನ ಬಾಳಿನ ಕಥೆಯನ್ನು, ಮುಖ್ಯವಾಗಿ ನಮ್ಮ ವಿದ್ಯಾರ್ಥಿಗಳಿಗಾಗಿ, ನಾವಿಲ್ಲಿ ಹೇಳಲು ಹೊರಟಿದ್ದೇವೆ.

ಪಟ್ಟಿಯ ಗುಣ

ಲೋಹಗಳು ಕಾದರೆ ಹಿಗ್ಗುತ್ತವೆ, ತಣಿದರೆ ಕುಗ್ಗುತ್ತವೆ. ಇದನ್ನು ತಿಳಿಯಲು ಪುಸ್ತಕವೇ ಬೇಕೆಂದಿಲ್ಲ. ಎತ್ತಿನ ಗಾಡಿಯ ಕಾಲದಲ್ಲಿ ನಮ್ಮೂರುಗಳ ಕಮ್ಮಾರರು ಮರದ ಚಕ್ರಕ್ಕಿಂತ ತುಸು ಕಿರಿದಾದ ಕಬ್ಬಿಣದ ಬಳೆಯನ್ನು ಕೆಂಪಗೆ ಕಾಯಿಸಿ, ಚಕ್ರಕ್ಕೆ ತೊಡಿಸಿ, ಮೇಲೆ ನೀರೆರೆಯುತ್ತಿದ್ದರು. ಕಾದ ಬಳೆ ಹಿಗ್ಗಿ ಸುಲಭವಾಗಿ ಕೂರುತ್ತಿತ್ತು. ತಣಿದು ಕುಗ್ಗಿದಾಗ ಚಕ್ರವನ್ನು ಬಿಗಿಯಾಗಿ ಹಿಡಿಯುತ್ತಿತ್ತು.

ಆದರೆ ಎಲ್ಲ ಲೋಹಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಒಂದು ಮೀಟರು ಉದ್ದದ ಉಕ್ಕಿನ ಸರಳಿನ ಬಿಸಿಯನ್ನು 100 ಡಿಗ್ರಿಯಷ್ಟು ಏರಿಸಿದರೆ ಅದು ಸುಮಾರು 1.2 ಮಿಲಿಮೀಟರು ಹಿಗ್ಗುತ್ತದೆ. ಅಷ್ಟೇ ಉದ್ದದ ಹಿತ್ತಾಳೆಯ ಸರಳು ಸುಮಾರು 1.9 ಮಿಲಿಮೀಟರು ಹಿಗ್ಗುತ್ತದೆ. ಈಗ ತೆಳ್ಳಗಿನ ಒಂದು ಉಕ್ಕಿನ ಪಟ್ಟಿಯನ್ನೂ ಒಂದು ಹಿತ್ತಾಳೆಯ ಪಟ್ಟಿಯನ್ನೂ ಒಂದರ ಮೇಲೊಂದಿಟ್ಟು, ಉದ್ದಕ್ಕೂ ಬಿಡದಂತೆ ಬೆಸೆದೆವು ಎನ್ನೋಣ. ಕಾಯಿಸಿದಾಗ ಹಿತ್ತಾಳೆಯು ಹೆಚ್ಚು ಉದ್ದವಾಗಲು ನೋಡುತ್ತದೆ. ಉಕ್ಕು ಅಷ್ಟಕ್ಕೆ ಬಿಡುವುದಿಲ್ಲ. ಎರಡೂ ಅಂಟಿಕೊಂಡೇ ಇರಬೇಕಾದುದರಿಂದ ಜೋಡಿಪಟ್ಟಿಯು ಬಿಲ್ಲಿನಂತೆ ಬಾಗುತ್ತದೆ. ಹಿತ್ತಾಳೆ ಬಿಲ್ಲಿನ ಹೊರಬದಿಗೆ, ಉಕ್ಕು ಒಳಬದಿಗೆ ಬರುತ್ತದೆ. ತಣಿದರೆ ಮತ್ತೆ ನೇರವಾಗುತ್ತದೆ.

ಇಸ್ತ್ರಿಪೆಟ್ಟಿಗೆಯಲ್ಲಿ ನಡೆಯುವುದು ಇಷ್ಟೇ. ಪಟ್ಟಿಯ ಒಂದು ತುದಿ ಬಿಗಿಯಾಗಿದೆ, ಇನ್ನೊಂದು ತುದಿ ವಿದ್ಯುತ್ತು ಹರಿಯುವ ದಾರಿಯನ್ನು ಕೂಡಿಸುವ ಬಿಂದುವಿಗೆ ತಾಗಿಕೊಂಡಿದೆ. ಪೆಟ್ಟಿಗೆ ಬೇಕಾದಷ್ಟು ಕಾದೊಡನೆ ಪಟ್ಟಿ ಬಾಗಿ ಆ ಕೂಡುವಿಕೆ ಬಿಡುತ್ತದೆ, ವಿದ್ಯುತ್ತು ನಿಲ್ಲುತ್ತದೆ, ದೀಪ ಆರುತ್ತದೆ. ಪೆಟ್ಟಿಗೆ ಸ್ವಲ್ಪ ತಣಿದಾಗ ಪಟ್ಟಿ ನೇರವಾಗಿ ಮತ್ತೆ ಕೂಡುತ್ತದೆ. ನೈಲಾನು, ರೇಷ್ಮೆ, ಹತ್ತಿ ಎಂದು ಗುರುತಿಸಿದ ಗುಂಡಿಯನ್ನು ತಿರುಗಿಸಿದಾಗ ನಾವು ಮಾಡುವುದು, ಪಟ್ಟಿ ಎಷ್ಟು ಬಾಗಿದ ಮೇಲೆ ಬಿಡಬೇಕು ಎಂಬ ಅಂತರವನ್ನು ಹೆಚ್ಚು ಕಡಿಮೆ ಮಾಡುವುದು. ಇಂದಿನ ಪಟ್ಟಿಗಳಲ್ಲಿ ಕಡಿಮೆ ಹಿಗ್ಗುವ ಬದಿಗೆ ಸಾಮಾನ್ಯವಾಗಿ ನಿಕ್ಕಲ್ ಬೆರೆತ ಕಬ್ಬಿಣವನ್ನು ಬಳಸುತ್ತಾರೆ. ಆದರೆ ತತ್ವ ಮಾತ್ರ ಹ್ಯಾರಿಸನ್ನನದೇ.

ಬಡಗಿಯ ಮಗ

ಹ್ಯಾರಿಸನ್ನನು 1693ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರಿನ ಫೌಲ್ಬಿ ಎಂಬಲ್ಲಿ ಹುಟ್ಟಿದನು. ತಂದೆ ಬಡಗಿ. ಮಗು ಚಿಕ್ಕದಿರುವಾಗಲೇ ಕುಟುಂಬವು ಹಂಬರ್ ನದಿಯ ದಡದ ಬ್ಯಾರೋ ಎಂಬ ಹಳ್ಳಿಗೆ ಬಂದು ನೆಲಸಿತು. ಮಗನೂ ತಂದೆಯ ಕಸುಬನ್ನೇ ಕಲಿತನು. ವಿಶ್ವವಿದ್ಯಾಲಯದ ಮೆಟ್ಟಲನ್ನು ಆತ ಏರಿದವನಲ್ಲ. ಗಡಿಯಾರದ ಕಸುಬಿಗೂ ಯಾವ ಗುರುವಿನ ಬಳಿಯೂ ಶಿಷ್ಯನಾಗಿ ನಿಂತವನಲ್ಲ.

ಓದುವ ಹಂಬಲ ಮಾತ್ರ ಬಲವಾಗಿತ್ತು. ಪಾದ್ರಿಯೊಬ್ಬನು ಕೇಂಬ್ರಿಜ್ಜಿನ ಅಂಧ ಗಣಿತಜ್ಞ ಸಾಂಡರ್‌ಸನ್ನನ ಉಪನ್ಯಾಸಗಳ ಕೈಬರಹದ ಪ್ರತಿಯನ್ನು ಆತನಿಗೆ ಓದಲು ಕೊಟ್ಟನು. ಹ್ಯಾರಿಸನ್ನನು ಅದನ್ನು ಚಿತ್ರಗಳ ಸಮೇತ ಪೂರ್ತಿಯಾಗಿ ತನ್ನ ಕೈಯಿಂದ ನಕಲು ಮಾಡಿಕೊಂಡನು. ಪುಸ್ತಕ ಕೊಳ್ಳಲಾರದ ಮನೆಯ ಮಕ್ಕಳು ಗೆಳೆಯರ ಪುಸ್ತಕವನ್ನು ಬರೆದುಕೊಂಡು ಓದುವುದನ್ನು ಬಲ್ಲ ನಮ್ಮಂತಹ ಉಪಾಧ್ಯಾಯರಿಗೆ ಈ ಸಂಗತಿ ಹೊಸದಾಗಿ ತೋರದು.

1713ರಲ್ಲಿ, ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ, ಆತನು ಮೊದಲ ಗಡಿಯಾರವನ್ನು ಮಾಡಿದನು. ಅದರ ಹಲ್ಲುಗಾಲಿಗಳು ಕೂಡ ಮರದವು. ಬಡಗಿಗೆ ಕೈವಶವಾದ ವಸ್ತು ಮರವೇ ಅಲ್ಲವೇ? ಮುಂದೆ ಸುಮಾರು 1722ರಲ್ಲಿ ಬ್ರಾಕ್ಲ್‌ಸ್‌ಬಿ ಎಂಬಲ್ಲಿಯ ಧನಿಕರ ಬಂಗಲೆಗಾಗಿ ಗೋಪುರದ ಗಡಿಯಾರವೊಂದನ್ನು ಮಾಡಿಕೊಟ್ಟನು. ಆ ಕಾಲದ ಎಣ್ಣೆ ಬೇಗನೆ ಗಟ್ಟಿಯಾಗಿ ಗಡಿಯಾರಗಳನ್ನು ಕೆಡಿಸುತ್ತಿತ್ತು. ಹ್ಯಾರಿಸನ್ನನು ತನ್ನಲ್ಲೇ ಜಿಡ್ಡುಳ್ಳ ಒಂದು ಬಗೆಯ ಗಟ್ಟಿಮರವನ್ನು ಉಜ್ಜುವ ಜಾಗಗಳಲ್ಲಿ ಬಳಸಿ, ಎಣ್ಣೆಯೇ ಬೇಡದ ಗಡಿಯಾರವನ್ನು ಸಾಧಿಸಿದನು.

ಮುಂದಿನ ಶತ್ರು ಸೆಕೆ. ಬೇಸಗೆಯಲ್ಲಿ ಲೋಲಕದ ಸರಳು ಉದ್ದವಾಗಿ ಗಡಿಯಾರ ನಿಧಾನವಾಗುತ್ತದೆ, ಚಳಿಗೆ ಕುಗ್ಗಿ ವೇಗವಾಗುತ್ತದೆ. ಉಕ್ಕಿನ ಲೋಲಕವಾದರೆ ಹತ್ತು ಡಿಗ್ರಿ ಬಿಸಿಯೇರಿದಾಗ ದಿನಕ್ಕೆ ಸುಮಾರು ಐದು ಸೆಕೆಂಡು ಹಿಂದೆ ಬೀಳುತ್ತದೆ. ಹ್ಯಾರಿಸನ್ನನು ತಮ್ಮ ಜೇಮ್ಸನೊಂದಿಗೆ ಸೇರಿ, ಉಕ್ಕು ಮತ್ತು ಹಿತ್ತಾಳೆಯ ಸರಳುಗಳನ್ನು ಕಿಟಕಿಯ ಸರಳುಗಳಂತೆ ಸಾಲಾಗಿ ನಿಲ್ಲಿಸಿದ ಲೋಲಕವನ್ನು ಕಟ್ಟಿದನು. ಉಕ್ಕು ಕೆಳಮುಖವಾಗಿ ಹಿಗ್ಗಿದರೆ ಹಿತ್ತಾಳೆ ಮೇಲ್ಮುಖವಾಗಿ ಹಿಗ್ಗಿ ಅದನ್ನು ಸರಿತೂಗುವಂತೆ ಮಾಡಿದನು. ಒಂದು ಲೋಹದ ದೋಷವನ್ನು ಇನ್ನೊಂದರ ದೋಷದಿಂದಲೇ ತಿದ್ದುವ ಈ ಉಪಾಯವೇ ಮುಂದಿನದಕ್ಕೆಲ್ಲ ತಾಯಿಬೇರು.

ಕಡಲಿನ ಪ್ರಶ್ನೆ

ಹಳ್ಳಿಯ ಬಡಗಿಯು ಲಂಡನ್ನಿಗೆ ಹೋಗಬೇಕಾಗಿ ಬಂದುದು ಕಡಲಿನ ಪ್ರಶ್ನೆಯೊಂದರಿಂದ. ನಡುಗಡಲಿನಲ್ಲಿ ಹಡಗು ಎಲ್ಲಿದೆ ಎಂದು ತಿಳಿಯಲು ಎರಡು ಲೆಕ್ಕಗಳು ಬೇಕು. ಉತ್ತರ ದಕ್ಷಿಣದ ಲೆಕ್ಕವನ್ನು, ಅಂದರೆ ಅಕ್ಷಾಂಶವನ್ನು, ಧ್ರುವನಕ್ಷತ್ರದ ಅಥವಾ ಮಧ್ಯಾಹ್ನದ ಸೂರ್ಯನ ಎತ್ತರದಿಂದ ನಾವಿಕರು ತಿಳಿಯುತ್ತಿದ್ದರು. ಪೂರ್ವ ಪಶ್ಚಿಮದ ಲೆಕ್ಕವಾದ ರೇಖಾಂಶವೇ ಕಗ್ಗಂಟು.

ನಮ್ಮ ಊರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಭೂಮಿಯು 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುವುದರಿಂದ ಒಂದು ಡಿಗ್ರಿಗೆ ನಾಲ್ಕು ನಿಮಿಷ. ಕುಂಬಳೆಯು ಇಂಗ್ಲೆಂಡಿನ ಗ್ರೀನಿಚ್‌ನಿಂದ ಸುಮಾರು 75 ಡಿಗ್ರಿ ಪೂರ್ವಕ್ಕಿದೆ. ಆದುದರಿಂದ ನಮ್ಮಲ್ಲಿ ಸೂರ್ಯನು ನೆತ್ತಿಗೆ ಬರುವಾಗ ಅಲ್ಲಿ ಬೆಳಗ್ಗೆ ಏಳರ ಹೊತ್ತು. ನಮ್ಮ ಗಡಿಯಾರಗಳು ತೋರಿಸುವುದು 82.5 ಡಿಗ್ರಿಯ ಭಾರತೀಯ ಸಮಯವನ್ನು. ಹಾಗಾಗಿ ಕುಂಬಳೆಯ ನಿಜವಾದ ನಡುಹಗಲು ಗಡಿಯಾರದ ಹನ್ನೆರಡಕ್ಕಲ್ಲ, ಸರಿಸುಮಾರು ಹನ್ನೆರಡೂವರೆಗೆ. ಈಗ ನಮ್ಮ ಕರಾವಳಿಗೆ ಬರುವ ನಾವಿಕನೊಬ್ಬನ ಬಳಿ ಗ್ರೀನಿಚ್‌ನ ಸಮಯವನ್ನು ತಪ್ಪದೆ ತೋರಿಸುವ ಗಡಿಯಾರ ಇದೆಯೆನ್ನೋಣ. ಸೂರ್ಯ ನೆತ್ತಿಗೇರಿದಾಗ ಅದು ಏಳು ಗಂಟೆ ತೋರಿಸಿದರೆ ವ್ಯತ್ಯಾಸ ಐದು ಗಂಟೆ, ಅಂದರೆ 75 ಡಿಗ್ರಿ. ರೇಖಾಂಶ ಸಿಕ್ಕಿತು. ಆದರೆ ಗಡಿಯಾರ ನಾಲ್ಕೇ ನಿಮಿಷ ತಪ್ಪಿದರೂ ನಮ್ಮ ಕಡಲಿನಲ್ಲಿ ಲೆಕ್ಕವು ಸುಮಾರು 108 ಕಿಲೋಮೀಟರು ತಪ್ಪುತ್ತದೆ.

ಆಗಿನ ಯಾವ ಗಡಿಯಾರವೂ ಹಡಗಿನ ಹೊಯ್ದಾಟವನ್ನೂ ಸೆಕೆ ಚಳಿಗಳನ್ನೂ ತಾಳಿ ಸರಿಯಾಗಿ ನಡೆಯುತ್ತಿರಲಿಲ್ಲ. 1707ರಲ್ಲಿ ದಾರಿ ತಪ್ಪಿದ ಇಂಗ್ಲಿಷ್ ನೌಕಾಪಡೆಯ ನಾಲ್ಕು ಹಡಗುಗಳು ಸಿಲಿ ದ್ವೀಪಗಳ ಬಂಡೆಗಳಿಗೆ ಬಡಿದು ಒಂದು ಸಾವಿರಕ್ಕೂ ಮಿಕ್ಕಿ ನಾವಿಕರು ಸತ್ತರು. 1714ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು, ರೇಖಾಂಶವನ್ನು ಅರ್ಧ ಡಿಗ್ರಿಯೊಳಗೆ ತಿಳಿಯುವ ಉಪಾಯಕ್ಕೆ 20,000 ಪೌಂಡುಗಳ ಬಹುಮಾನವನ್ನು ಸಾರಿತು. ಗಡಿಯಾರದಿಂದ ಇದನ್ನು ಗೆಲ್ಲಬೇಕಾದರೆ ಆರು ವಾರಗಳ ಪ್ರಯಾಣದಲ್ಲಿ ಅದು ದಿನಕ್ಕೆ ಮೂರು ಸೆಕೆಂಡಿನಷ್ಟೂ ತಪ್ಪಬಾರದು. ತೀರ್ಪು ಹೇಳಲು ಒಂದು ಮಂಡಳಿಯೂ ಏರ್ಪಟ್ಟಿತು.

ಹತ್ತೊಂಬತ್ತು ವರ್ಷಗಳ ಗಡಿಯಾರ

1730ರ ಸುಮಾರಿಗೆ ಹ್ಯಾರಿಸನ್ನನು ತನ್ನ ನಕ್ಷೆಗಳೊಂದಿಗೆ ಲಂಡನ್ನಿಗೆ ಬಂದನು. ಧೂಮಕೇತುವಿನಿಂದ ನಮಗೆಲ್ಲ ಪರಿಚಿತನಾದ ಖಗೋಳಜ್ಞ ಹ್ಯಾಲಿಯು ಆತನನ್ನು ಹೆಸರಾಂತ ಗಡಿಯಾರ ತಯಾರಕ ಜಾರ್ಜ್ ಗ್ರಹಾಮನ ಬಳಿಗೆ ಕಳುಹಿಸಿದನು. ಗ್ರಹಾಮನು ಮಾತು ಕೇಳಿ ಮೆಚ್ಚಿ, ಕೈಯಿಂದ ಹಣವನ್ನೂ ಸಾಲ ಕೊಟ್ಟನು. 1735ರಲ್ಲಿ 34 ಕಿಲೋಗ್ರಾಮು ತೂಗುವ ಮೊದಲ ಕಡಲಗಡಿಯಾರ ಸಿದ್ಧವಾಯಿತು. ಮರುವರ್ಷ ಅದು ಲಿಸ್ಬನ್ನಿಗೆ ಹೋಗಿ ಬಂದಿತು. ಹಿಂದಿರುಗುವಾಗ ಕಾಣಿಸಿದ ನೆಲ ಯಾವುದೆಂಬುದರಲ್ಲಿ ಹಡಗಿನವರ ಲೆಕ್ಕ ತಪ್ಪಿತ್ತು. ಹ್ಯಾರಿಸನ್ನನ ಲೆಕ್ಕ ಸರಿಯಾಗಿತ್ತು.

ಇಲ್ಲಿ ಆತನ ಸ್ವಭಾವವು ತಿಳಿಯುತ್ತದೆ. ಮಂಡಳಿಯ ಮುಂದೆ ನಿಂತಾಗ ತನ್ನ ಗಡಿಯಾರದ ಕೊರತೆಗಳನ್ನು ತಾನೇ ಎತ್ತಿ ಹೇಳಿ, ಇನ್ನೂ ಒಳ್ಳೆಯದನ್ನು ಮಾಡಲು ಸಹಾಯಧನ ಮತ್ತು ಸಮಯವನ್ನು ಕೇಳಿದನು. ಎರಡನೆಯದನ್ನು ಮಾಡಿದನು, ಅದರಲ್ಲೂ ದೋಷ ಕಂಡು ಕಡಲಿಗೆ ಕಳುಹಿಸದೆ ಬಿಟ್ಟನು. ಮೂರನೆಯದಕ್ಕೆ ಕೈಹಾಕಿದವನು ಅದರಲ್ಲಿ ಸುಮಾರು ಹತ್ತೊಂಬತ್ತು ವರ್ಷಗಳನ್ನು ಕಳೆದನು.

ಲೋಕಕ್ಕೆ ಅತ್ಯಂತ ಉಪಕಾರವಾದ ಎರಡು ವಸ್ತುಗಳು ಹುಟ್ಟಿದ್ದು ಈ ಮೂರನೆಯ ಗಡಿಯಾರದಲ್ಲಿಯೇ. ಹೊಯ್ದಾಡುವ ಹಡಗಿನಲ್ಲಿ ಲೋಲಕ ನಡೆಯದು. ಅದರ ಬದಲಿಗೆ ಸ್ಪ್ರಿಂಗುಗಳು ಬೇಕು. ಕಾದಾಗ ಸ್ಪ್ರಿಂಗು ಮೆದುವಾಗಿ ಗಡಿಯಾರ ನಿಧಾನವಾಗುತ್ತದೆ. ಕಿಟಕಿಯಂತಹ ಸರಳುಸಾಲಿಗೆ ಅಲ್ಲಿ ಜಾಗವಿಲ್ಲ. ಆಗ ಹ್ಯಾರಿಸನ್ನನು ಹಿತ್ತಾಳೆ ಮತ್ತು ಉಕ್ಕಿನ ತೆಳುಪಟ್ಟಿಗಳನ್ನು ಒಂದಕ್ಕೊಂದು ರಿವೆಟ್ ಹೊಡೆದು ಕೂಡಿಸಿದನು. ಬಿಸಿ ಏರಿದಂತೆ ಆ ಪಟ್ಟಿ ಬಾಗಿ ಸ್ಪ್ರಿಂಗಿನ ಉದ್ದವನ್ನು ತಕ್ಕಷ್ಟು ಕಡಿಮೆ ಮಾಡುತ್ತಿತ್ತು; ಗಡಿಯಾರದ ವೇಗ ಸರಿಯಾಗಿ ಉಳಿಯುತ್ತಿತ್ತು. ಮನುಷ್ಯನ ಕೈ ಸೋಕದೆ, ಬಿಸಿಯೇ ಬಿಸಿಯ ಕೆಡುಕನ್ನು ತಿದ್ದುವ ಪಟ್ಟಿ ಇದು. ಇನ್ನೊಂದು ಕೊಡುಗೆ, ಉರುಳೆಗಳನ್ನು ಒಂದಕ್ಕೊಂದು ತಾಗದಂತೆ ಚೌಕಟ್ಟಿನಲ್ಲಿ ಹಿಡಿದಿಟ್ಟ ಬೇರಿಂಗ್. ಇಂದಿನ ಯಂತ್ರಗಳ ಬೇರಿಂಗುಗಳೆಲ್ಲ ಇದರ ಸಂತತಿಯವು.

ಇಷ್ಟಾದರೂ ಮೂರನೆಯದು ಆತನಿಗೆ ತೃಪ್ತಿ ಕೊಡಲಿಲ್ಲ. 1759ರಲ್ಲಿ, ಅರುವತ್ತಾರರ ವಯಸ್ಸಿನಲ್ಲಿ, ದೊಡ್ಡ ಯಂತ್ರಗಳ ಹಾದಿಯನ್ನೇ ಬಿಟ್ಟು, ಅಂಗೈಯಗಲಕ್ಕಿಂತ ತುಸು ದೊಡ್ಡದಾದ 13 ಸೆಂಟಿಮೀಟರಿನ ಗಡಿಯಾರವೊಂದನ್ನು ಮಾಡಿ ಮುಗಿಸಿದನು. ಅದರೊಳಗೂ ಎರಡು ಲೋಹದ ಪಟ್ಟಿ ಇದೆ, ಸಣ್ಣ ರೂಪದಲ್ಲಿ.

ಪರೀಕ್ಷೆ ಮತ್ತು ಪರೀಕ್ಷಕರು

1761ರ ಕೊನೆಯಲ್ಲಿ ಮಗ ವಿಲಿಯಮನು ಈ ನಾಲ್ಕನೆಯ ಗಡಿಯಾರದೊಡನೆ ಜಮೈಕಾಕ್ಕೆ ಹೊರಟನು. ಸೆಕೆಯ ನಾಡನ್ನು ಮುಟ್ಟಿದಾಗ, 81 ದಿನಗಳ ಬಳಿಕ, ಗಡಿಯಾರ ತಪ್ಪಿದ್ದು ಸುಮಾರು ಐದು ಸೆಕೆಂಡು ಮಾತ್ರ. ಮಂಡಳಿಯು ಅದನ್ನು ಆಕಸ್ಮಿಕವೆಂದು ಬಗೆದು ಮತ್ತೊಂದು ಪರೀಕ್ಷೆ ಬೇಕೆಂದಿತು. 1764ರಲ್ಲಿ ಬಾರ್ಬಡೋಸ್ ದ್ವೀಪಕ್ಕೆ ಎರಡನೆಯ ಪ್ರಯಾಣ ನಡೆಯಿತು. 47 ದಿನಗಳಲ್ಲಿ ತಪ್ಪಿದ್ದು 39 ಸೆಕೆಂಡು. ಇದು ಕಾನೂನು ಕೇಳಿದ್ದಕ್ಕಿಂತ ಮೂರು ಪಟ್ಟು ಉತ್ತಮ. ಆದರೂ ಬಹುಮಾನ ಬರಲಿಲ್ಲ. ಗಡಿಯಾರವನ್ನು ಬಿಚ್ಚಿ ಗುಟ್ಟನ್ನು ಹೇಳಿದರೆ ಅರ್ಧ ಹಣ, ಬೇರೆಯವರೂ ಅಂತಹದನ್ನು ಮಾಡಬಲ್ಲರೆಂದು ತೋರಿದ ಮೇಲೆ ಉಳಿದರ್ಧ ಎಂದು 1765ರಲ್ಲಿ ಹೊಸ ನಿಬಂಧನೆ ಬಂದಿತು.

ಇದೇಕೆ ಹೀಗಾಯಿತು? ಪಂಡಿತರಲ್ಲಿ ಅನೇಕರು ರೇಖಾಂಶದ ಪ್ರಶ್ನೆಗೆ ಉತ್ತರ ಆಕಾಶದಲ್ಲಿಯೇ ಇದೆ ಎಂದು ನಂಬಿದ್ದರು. ಚಂದ್ರನಿಗೂ ನಕ್ಷತ್ರಗಳಿಗೂ ಇರುವ ಅಂತರವನ್ನು ಅಳೆದು ಸಮಯ ತಿಳಿಯುವ ವಿಧಾನವದು. ಅದು ಸುಳ್ಳು ವಿಧಾನವೇನಲ್ಲ. ನಾವಿಕರು ಅದನ್ನು ಬಹುಕಾಲ ಬಳಸಿದರು. ಆ ವಿಧಾನದ ಮುಖ್ಯ ಬೆಂಬಲಿಗನಾದ ನೆವಿಲ್ ಮಾಸ್ಕೆಲೈನನು 1765ರಲ್ಲಿ ರಾಜಖಗೋಳಜ್ಞನಾಗಿ ಮಂಡಳಿಯಲ್ಲಿ ಕುಳಿತನು. ಆತ ಸಮರ್ಥ ವಿದ್ವಾಂಸನೇ. ಆದರೆ ಎದುರುಪಕ್ಷದವನನ್ನೇ ನ್ಯಾಯಾಧಿಪತಿಯ ಪೀಠದಲ್ಲಿ ಕೂರಿಸಿದಂತಾಯಿತು. ಗಡಿಯಾರವನ್ನು ಗ್ರೀನಿಚ್‌ನಲ್ಲಿ ಹತ್ತು ತಿಂಗಳು ಪರೀಕ್ಷಿಸಿ, ಅದು ನಂಬಲರ್ಹವಲ್ಲ ಎಂದು ಆತ ವರದಿ ಕೊಟ್ಟನು. ಮೊದಲ ಮೂರು ಗಡಿಯಾರಗಳನ್ನು ಹ್ಯಾರಿಸನ್ನನ ಮನೆಯಿಂದ ಹೊತ್ತು ತರುವಾಗ ಮೊದಲನೆಯದು ಕೈತಪ್ಪಿ ಬಿದ್ದು ಜಖಂಗೊಂಡಿತು.

ಹ್ಯಾರಿಸನ್ನನ ಕಡೆಗೂ ಒಂದು ಕೊರತೆ ಇತ್ತು. ಆತನಿಗೆ ಬರೆಯಲು ಬರುತ್ತಿರಲಿಲ್ಲವೆಂದಲ್ಲ. ಆದರೆ ಪಂಡಿತರು ಒಪ್ಪುವ ಭಾಷೆಯಲ್ಲಿ ತನ್ನ ವಿಚಾರವನ್ನು ಇಡಲು ಆತನಿಂದಾಗುತ್ತಿರಲಿಲ್ಲ. ಮುಪ್ಪಿನಲ್ಲಿ ಆತ ಬರೆದ ಪುಸ್ತಕದ ವಾಕ್ಯಗಳು ಗೋಜಲು ಗೋಜಲು. ಓದಿದವರಿಗೆ ತಲೆ ಬುಡ ತಿಳಿಯದು. ಅಷ್ಟು ನಯವಾಗಿ ಲೋಹವನ್ನು ಕೂಡಿಸಿದ ಕೈಗೆ ಮಾತುಗಳನ್ನು ಕೂಡಿಸಲು ಆಗಲಿಲ್ಲ.

ಕಡೆಗೆ ವಿಲಿಯಮನು ದೊರೆ ಮೂರನೆಯ ಜಾರ್ಜನಿಗೆ ಮೊರೆಯಿಟ್ಟನು. 1772ರಲ್ಲಿ ದೊರೆಯು ಹ್ಯಾರಿಸನ್ನನ ಐದನೆಯ ಗಡಿಯಾರವನ್ನು ತನ್ನ ವೀಕ್ಷಣಾಲಯದಲ್ಲಿಯೇ ಹತ್ತು ವಾರ ಪರೀಕ್ಷಿಸಿದನು. ತಪ್ಪು ಕೆಲವೇ ಸೆಕೆಂಡು. ದೊರೆಯ ಬೆಂಬಲದಿಂದ 1773ರಲ್ಲಿ ಪಾರ್ಲಿಮೆಂಟು 8,750 ಪೌಂಡು ಮಂಜೂರು ಮಾಡಿತು. ಹಣ ಬಂದಿತು, ಆದರೆ 1714ರ ಬಹುಮಾನವೆಂಬ ಹೆಸರಿನಲ್ಲಿ ಅಲ್ಲ. ಅದನ್ನು ಮಂಡಳಿಯು ಯಾರಿಗೂ ಕೊಡಲೇ ಇಲ್ಲ. 1775ರಲ್ಲಿ ಕ್ಯಾಪ್ಟನ್ ಕುಕ್‌ನು ಮೂರು ವರ್ಷಗಳ ಲೋಕಯಾತ್ರೆಯಿಂದ ಹಿಂದಿರುಗಿ, ಹ್ಯಾರಿಸನ್ನನ ಗಡಿಯಾರದ ಯಥಾಪ್ರತಿಯು ತನಗೆ ನಂಬಿಕೆಯ ದಾರಿಗಾರನಾಗಿತ್ತೆಂದು ಕೊಂಡಾಡಿದನು. ಮರುವರ್ಷ, 1776ರ ಮಾರ್ಚ್ 24ರಂದು, ಹ್ಯಾರಿಸನ್ನನು ಲಂಡನ್ನಿನಲ್ಲಿ ತೀರಿಕೊಂಡನು. ಆಗ ಆತನಿಗೆ ಎಂಬತ್ತಮೂರು ವರ್ಷ.

ಮನೆಮನೆಗೆ ಬಂದ ಪಟ್ಟಿ

ಗಡಿಯಾರವನ್ನು ಬಿಸಿಯಿಂದ ಕಾಪಾಡಲು ಹುಟ್ಟಿದ ಪಟ್ಟಿ ಮುಂದೆ ಬಿಸಿಯನ್ನೇ ಆಳುವ ಕೆಲಸಕ್ಕೆ ಬಂದಿತು. 1830ರಲ್ಲಿ ಸ್ಕಾಟ್‌ಲೆಂಡಿನ ರಸಾಯನಶಾಸ್ತ್ರಜ್ಞ ಆಂಡ್ರ್ಯೂ ಯೂರ್ ಎಂಬಾತನು, ಎರಡು ಲೋಹದ ಪಟ್ಟಿ ಬಾಗುವ ಬಲದಿಂದ ಬಿಸಿಯನ್ನು ಹತೋಟಿಯಲ್ಲಿಡುವ ಸಾಧನಕ್ಕೆ ಪೇಟೆಂಟು ಪಡೆದು, ಥರ್ಮೋಸ್ಟಾಟ್ ಎಂಬ ಹೆಸರನ್ನಿಟ್ಟನು. 1883ರಲ್ಲಿ ಕೋಣೆಗಳ ವಿದ್ಯುತ್ ಥರ್ಮೋಸ್ಟಾಟಿಗೆ ಪೇಟೆಂಟು ಪಡೆದವನು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವಾರನ್ ಜಾನ್ಸನ್. ಆತ ಉಪಾಧ್ಯಾಯರನ್ನು ತಯಾರು ಮಾಡುವ ಶಾಲೆಯೊಂದರ ಅಧ್ಯಾಪಕನೆಂಬುದು ನಮ್ಮ ವೃತ್ತಿಯವರಿಗೆ ಸಂತೋಷದ ಸಂಗತಿ. ಚಳಿಗಾಲದಲ್ಲಿ ಕೋಣೆಯ ಬಿಸಿ ನೋಡಲು ಜವಾನನು ತರಗತಿಯಿಂದ ತರಗತಿಗೆ ಅಲೆಯಬೇಕಾಗಿತ್ತು. ಆ ಅಲೆದಾಟವನ್ನು ತಪ್ಪಿಸಲು ಹೊರಟು ಆತ ಈ ಸಾಧನವನ್ನು ರೂಪಿಸಿದನು.

ಇಂದು ನಮ್ಮ ಸುತ್ತ ನೋಡಿದರೆ ಈ ಪಟ್ಟಿ ಎಲ್ಲೆಲ್ಲೂ ಇದೆ. ಹಳೆಯ ಮಾದರಿಯ ಟ್ಯೂಬ್‌ಲೈಟಿನ ಸ್ಟಾರ್ಟರಿನೊಳಗೆ ಇರುವುದು ಅದೇ. ಮನೆಯ ಮೈನ್ ಬೋರ್ಡಿನ ಎಂಸಿಬಿಯಲ್ಲಿ, ತಂತಿಯ ಮೇಲೆ ಭಾರ ಹೆಚ್ಚಾಗಿ ಬಿಸಿಯಾದಾಗ ಬಾಗಿ ವಿದ್ಯುತ್ತನ್ನು ಕಡಿಯುವುದೂ ಅದೇ. ಎಲ್ಲ ಥರ್ಮೋಸ್ಟಾಟುಗಳಲ್ಲೂ ಲೋಹದ ಪಟ್ಟಿಯೇ ಇರಬೇಕೆಂದಿಲ್ಲ. ಫ್ರಿಜ್ಜುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಅನಿಲ ತುಂಬಿದ ಸಪೂರ ಕೊಳವೆ. ಮೋಟಾರು ವಾಹನಗಳ ಇಂಜಿನಿನಲ್ಲಿ ಕರಗಿ ಹಿಗ್ಗುವ ಮೇಣ. ಹೊಸ ಏಸಿಗಳಲ್ಲಿ ಎಲೆಕ್ಟ್ರಾನಿಕ್ ಸಾಧನ. ರೂಪ ಬೇರೆಯಾದರೂ ಕೆಲಸ ಒಂದೇ. ಕೋಳಿಮೊಟ್ಟೆಗಳನ್ನು ಮರಿಮಾಡುವ ಪೆಟ್ಟಿಗೆಯಲ್ಲಿ ಬಿಸಿ 37.5 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಬೇಕು. ಆರೋಗ್ಯ ಕೇಂದ್ರದಲ್ಲಿ ಮಕ್ಕಳ ಲಸಿಕೆಗಳನ್ನು 2ರಿಂದ 8 ಡಿಗ್ರಿಯ ನಡುವೆ ಇಡಬೇಕು. ತಿಂಗಳು ತುಂಬದೆ ಹುಟ್ಟಿದ ಕೂಸನ್ನು ಬೆಚ್ಚಗೆ ಕಾಯಬೇಕು. ಹಗಲಿರುಳೂ ಕಣ್ಣು ಮುಚ್ಚದೆ ಈ ಕಾವಲನ್ನು ಮನುಷ್ಯರು ಕಾಯಲಾರರು.

ನಾವು ತಿಳಿಯಬೇಕಾದ್ದು

2006ರ ಮಾರ್ಚ್ 24ರಂದು, ಹ್ಯಾರಿಸನ್ನನು ತೀರಿಕೊಂಡ 230 ವರ್ಷಗಳ ಬಳಿಕ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಇಗರ್ಜಿಯ ನೆಲದಲ್ಲಿ ಆತನ ಹೆಸರಿನ ಕಲ್ಲನ್ನು ಹಾಸಿದರು. ಆ ಕಲ್ಲಿನ ಮೇಲೆ ರೇಖಾಂಶದ ಗೆರೆಯೊಂದಿದೆ. ಅದನ್ನು ಎರಡು ಲೋಹಗಳಲ್ಲಿ ಕೂರಿಸಿದ್ದಾರೆ. ಎರಡು ಲೋಹದ ಪಟ್ಟಿಯ ನೆನಪಿಗೆ ಅದು.

ನಮ್ಮ ತರಗತಿಗಳಲ್ಲಿಯೂ ಇಂತಹ ಮಕ್ಕಳಿದ್ದಾರೆ. ಕೆಟ್ಟ ಪಂಪನ್ನು ಬಿಚ್ಚಿ ಜೋಡಿಸಬಲ್ಲರು, ದೋಣಿಯ ಇಂಜಿನಿನ ಸದ್ದು ಕೇಳಿಯೇ ದೋಷ ಹೇಳಬಲ್ಲರು. ಉತ್ತರಪತ್ರಿಕೆಯಲ್ಲಿ ನಾಲ್ಕು ವಾಕ್ಯ ಬರೆಯಲು ತಡವರಿಸುತ್ತಾರೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು ಆಗಿರುವ ನಮ್ಮ ಗಡಿನಾಡಿನಲ್ಲಿ ಈ ತಡವರಿಕೆ ಸಹಜವೇ. ಆ ಮಕ್ಕಳಿಗೆ ಬರೆಯಲು ಕಲಿಸುವುದು ನಮ್ಮ ಕರ್ತವ್ಯ. ಹ್ಯಾರಿಸನ್ನನಿಗೆ ಅದನ್ನು ಕಲಿಸುವವರು ಸಿಕ್ಕಿದ್ದರೆ ಆತನ ಮುಪ್ಪು ಇಷ್ಟು ಕಹಿಯಾಗುತ್ತಿರಲಿಲ್ಲವೇನೋ. ಆದರೆ ಬರೆಯಲು ಬಾರದ್ದಕ್ಕೆ ಅವರಿಗೆ ಏನೂ ತಿಳಿಯದೆಂದು ತೀರ್ಪು ಕೊಡುವ ಮೊದಲು ನಾವು ಅವರ ಕೈಕೆಲಸವನ್ನು ಒಮ್ಮೆ ನೋಡಬೇಕು. ಲಂಡನ್ನಿನ ಮಂಡಳಿಯವರು ಅಷ್ಟು ಮಾಡಿದ್ದರೆ ಬಡಗಿಯೊಬ್ಬನು ನ್ಯಾಯಕ್ಕಾಗಿ ಎಂಬತ್ತರ ವಯಸ್ಸಿನ ತನಕ ಕಾಯಬೇಕಾಗಿರಲಿಲ್ಲ.